ಇಪ್ಪತ್ತೆರಡು ಸೆಕೆಂಡು

ಹೊಳೆ ದಂಡೆಯ ಆ ಮಠದಲ್ಲಿ ಯಾವ ಮಾತೇ ಆಗಲಿ, ಮೊದಲು ಹೊರಡುವುದು ಅಡುಗೆಮನೆಯಿಂದ. ಇದೂ ಅಲ್ಲಿಂದಲೇ ಹೊರಟಿತು: ಶಾಂತಮಲ್ಲ ದಾನಕ್ಕನ ಕುರ್ಚಿಯ ಮೇಲೆ ಕಣ್ಣು ಹಾಕಿದ್ದಾನೆ.

ದಿಕ್ಕು ತಪ್ಪಿದವರಿಗೆಲ್ಲ ಆ ಮಠವೇ ಆಸರೆ. ಊರು ಮರೆತವರು, ತಮ್ಮ ಹೆಸರನ್ನೇ ಮರೆತವರು ಬರುತ್ತಾರೆ. ಬಂದ ವಾರದ ಹೆಸರನ್ನೇ ಅವರಿಗಿಟ್ಟು, ಅನ್ನ ಹಾಕಿ ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಸೋಮವಾರ ಬಂದವನು ಸೋಮಯ್ಯ, ಮಂಗಳವಾರ ಬಂದವಳು ಮಂಗಳವ್ವ. ಇಲ್ಲಿಯವರೆಗೆ ಹನ್ನೊಂದು ಸಾವಿರ ಜನ. ಸೋಮಯ್ಯಂದಿರೇ ಸಾವಿರದ ಮೇಲಿದ್ದಾರೆ, ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ನಂಬರು.

ಅಷ್ಟೂ ಜನರ ವಿವರ ಮಠದ ದಾಖಲೆ ನೋಡಿಕೊಳ್ಳುವ ದಾನಕ್ಕನ ಕಂಪ್ಯೂಟರಿನಲ್ಲಿತ್ತು. ಅದಕ್ಕೆ ಡೇಟಾಬೇಸ್ ಅನ್ನುತ್ತಾರೆ. ಕೇಳಿದ್ದನ್ನು ಹುಡುಕಿ ಕೊಡುವ ಕಣಜ ಅಂದುಕೊಂಡರೆ ಸಾಕು. ದಾನಕ್ಕನದು ಹತ್ತೊಂಬತ್ತು ವರ್ಷದ ಹಳೇ ಕಣಜ. ಶಾಂತಮಲ್ಲ ಶಿಷ್ಯನಾಗಿ ಬಂದವನೇ ಬೇರೆ ಕಂಪನಿಯ ಹೊಸ ಕಣಜ ತಂದು ಪಕ್ಕದಲ್ಲೇ ಕಟ್ಟಿದ. ಹಿರಿಯಳನ್ನು ಒಂದು ಮಾತು ಕೇಳಲಿಲ್ಲವಂತೆ.

"ಎರಡು ಯಾಕಪ್ಪ? ಒಂದಿರಲಿ," ಅಂದರು ಗುರು ಮರುಳಯ್ಯಜ್ಜ. "ಯಾವುದು ಅಂತ ನೀನೇ ಪರೀಕ್ಷೆ ಮಾಡಿ ಹೇಳು. ಸೋತದ್ದನ್ನು ಅಳಿಸಿಬಿಡೋಣ. ಸೋತ ಕಣಜದವರು ಆಚೆ ದಡದ ಹೂದೋಟ ನೋಡಿಕೊಳ್ಳಲಿ."

ಓಟಕ್ಕೆ ನಿಂತವನ ಕೈಗೇ ಗಡಿಯಾರ ಕೊಟ್ಟರಲ್ಲ ಅಂತ ಅಡುಗೆಮನೆ ಒಂದು ವಾರ ಬಾಯಿ ಮುಚ್ಚಲಿಲ್ಲ.

ಎಂಟನೇ ದಿನ ಶಾಂತಮಲ್ಲ ಹಾಳೆ ಹಿಡಿದು ಬಂದ. ಗುರು ಹೊಳೆ ಮೆಟ್ಟಿಲ ಮೇಲೆ ಕೂತಿದ್ದರು.

"ಬುದ್ಧಿ, ನನ್ನದು ಏಳು ಪಟ್ಟು ವೇಗ."

"ಏನು ಕೇಳಿದೆ?"

"ನೂರು ನಂಬರು ಕೊಟ್ಟು, ಇವರು ಯಾರು ಅಂತ ಕೇಳಿದೆ. ಎರಡಕ್ಕೂ ಅದೇ ನೂರು. ಐವತ್ತು ಸಲ."

"ಈ ಹೊಳೆ ಹೆಸರೇನು?"

"ವೇದಾವತಿ, ಬುದ್ಧಿ."

"ಈ ಹೊಳೆ ಹೆಸರೇನು?"

"ವೇದಾವತಿ."

"ಹೆಸರೇನು?"

"ವೇದಾವತಿ."

"ಎಷ್ಟು ಚುರುಕಪ್ಪ ನೀನು. ಬೆಳಿಗ್ಗೆ ನಿನಗೆ ಗಂಜಿ ಬಡಿಸಿದವರು ಯಾರು?"

ಶಾಂತಮಲ್ಲನಿಗೆ ತಟ್ಟೆ ನೆನಪಿತ್ತು, ಗಂಜಿ ನೆನಪಿತ್ತು. ಬಡಿಸಿದ ಕೈ ಯಾರದೋ ನೆನಪಾಗಲಿಲ್ಲ.

ಹಾಳೆ ಮಡಚಿಕೊಂಡು ಹೋದ. ಬೈಸಿಕೊಂಡಂತೆಯೂ ಆಗಿತ್ತು, ತಲೆಯೊಳಗೆ ಹುಳ ಬಿಟ್ಟಂತೆಯೂ ಆಗಿತ್ತು. ಆಮೇಲೆ ಹೊಳೆಯಿತು: ಒಮ್ಮೆ ಕೇಳಿದ್ದನ್ನು ತನ್ನ ಕಣಜ ನಾಲಿಗೆ ತುದಿಯಲ್ಲೇ ಇಟ್ಟುಕೊಂಡು ಒಪ್ಪಿಸುತ್ತಿತ್ತೇ ಹೊರತು ಹುಡುಕುತ್ತಲೇ ಇರಲಿಲ್ಲ. ಮೂರು ದಿನ ಪ್ರತಿ ಸಲವೂ ಬೇರೆ ನಂಬರು ಕೊಟ್ಟು ನೋಡಿದ.

"ಈಗ ಮೂರು ಪಟ್ಟು, ಬುದ್ಧಿ."

"ನಿನ್ನದಕ್ಕೆ ಎಷ್ಟು ದಿನ ಉಪಚಾರ ಮಾಡಿದ್ದೆ?"

"ನಲವತ್ತು ದಿನ. ಒಂದೊಂದು ತಿರುಪನ್ನೂ ತಿರುಗಿಸಿ ಸರಿ ಮಾಡಿದೆ."

"ದಾನಕ್ಕನದಕ್ಕೆ?"

"ಒಂದು ದಿನವೂ ಇಲ್ಲ, ಬುದ್ಧಿ."

"ಅದಕ್ಕೂ ನಲವತ್ತು ದಿನ ಮಾಡಿ ಬಾ."

ಎದುರಾಳಿಯ ಎತ್ತಿಗೆ ಹುಲ್ಲು ಹಾಕುವವನ ಮುಖ ಮಾಡಿಕೊಂಡು ಶಾಂತಮಲ್ಲ ದಾನಕ್ಕನ ಕೋಣೆಗೆ ಹೋದ.

"ಬಾರಪ್ಪ," ಅಂದಳು ದಾನಕ್ಕ. "ನನ್ನನ್ನು ಹೊಳೆ ದಾಟಿಸೋಕೆ ನನ್ನ ದೋಣೀನೇ ತೊಳಿಯೋಕೆ ಬಂದೆಯಾ?"

"ಅಕ್ಕಾ, ಇದಕ್ಕೆ ಇಷ್ಟು ಕಡಿಮೆ ಮೆಮೊರಿ ಕೊಟ್ಟವರು ಯಾರು?"

"ಹತ್ತೊಂಬತ್ತು ವರ್ಷದ ಹಿಂದೆ ಅಷ್ಟೇ ಇದ್ದದ್ದು. ಆಮೇಲೆ ಯಾರೂ ಅದನ್ನು ಉಂಡೆಯಾ ಅಂತ ಕೇಳಲಿಲ್ಲ."

ಶಾಂತಮಲ್ಲನಿಗೆ ನಗು ಬಂತು. ಮೆಮೊರಿ ಹೆಚ್ಚಿಸಿದ. ಹಳೇ ಕಣಜ ಮೈಕೊಡವಿ ಎದ್ದಿತು. ಅವನಿಗೇ ಮೋಜೆನಿಸಿ ಇನ್ನೊಂದು ತಿರುಪು, ಮತ್ತೊಂದು ತಿರುಪು. ನಲವತ್ತು ದಿನ ಕಳೆದದ್ದೇ ತಿಳಿಯಲಿಲ್ಲ. ಅಡುಗೆಮನೆಗೆ ಇದು ಭಾರೀ ನಿರಾಸೆ. ಜಗಳಕ್ಕೆ ಕಾದು ಕೂತಿದ್ದವರಿಗೆ ಕೋಣೆಯಿಂದ ನಗು ಕೇಳಿದರೆ ಹೇಗಾಗಬೇಡ?

"ಬುದ್ಧಿ, ಈಗಲೂ ನನ್ನದೇ ಮುಂದು. ಒಂದೂವರೆ ಪಟ್ಟು."

"ಯಾಕೆ ಮುಂದು?"

ಶಾಂತಮಲ್ಲ ಕಾಲ ಬೆರಳು ನೋಡಿಕೊಂಡ. "ಅಕ್ಕನ ಕಣಜದಲ್ಲಿ ಒಬ್ಬೊಬ್ಬರ ಮೇಲೂ ನಾಲ್ಕು ಪುಟ ಹರಟೆ ಇದೆ. ಯಾರು ನಿದ್ದೆಯಲ್ಲಿ ಏನು ಬಡಬಡಿಸಿದರು, ಯಾರು ಉಣ್ಣುವಾಗ ಏನು ಚೇಷ್ಟೆ ಮಾಡಿದರು, ಎಲ್ಲಾ. ನಾನು ವಿವರ ಸಾಗಿಸುವಾಗ ಭಾರ ಅಂತ ಅದನ್ನು ಬಿಟ್ಟೆ."

ಅಷ್ಟರಲ್ಲಿ ಒಬ್ಬ ಹೆಂಗಸು ಜಗಲಿ ಹತ್ತಿದಳು. ಚೀಲ ಹಳೆಯದು, ಕಾಲು ತುಂಬ ಧೂಳು.

"ನನ್ನ ತಮ್ಮನ್ನ ಹುಡುಕ್ತಾ ಬಂದೆ ಸ್ವಾಮೇರೆ. ಓಬಳೇಶ ಅಂತ. ಒಂಬತ್ತು ವರ್ಷ ಆಯಿತು."

"ನೋಡಪ್ಪ," ಅಂದರು ಗುರು.

ಶಾಂತಮಲ್ಲ ಓಡಿದ. ತನ್ನ ಕಣಜದಲ್ಲಿ ಹೆಸರು ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು.

"ಇಲ್ಲಮ್ಮ. ಆ ಹೆಸರಿನವರು ಯಾರೂ ಇಲ್ಲ."

ಆಕೆ ಅಳಲಿಲ್ಲ. ಎಷ್ಟೋ ಬಾಗಿಲಲ್ಲಿ ಕೇಳಿ ಅಭ್ಯಾಸವಾದ ಮಾತು. ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

"ಕೂರವ್ವ ತಾಯಿ," ಒಳಗಿನಿಂದ ದಾನಕ್ಕ ಕೂಗಿದಳು. "ಇಲ್ಲಿ ಅವರ ಹೆಸರು ಅವರಿಗೇ ಗೊತ್ತಿರಲ್ಲ. ನಿನ್ನ ತಮ್ಮ ಉಣ್ಣೋಕೆ ಕೂತರೆ ಏನು ಮಾಡ್ತಿದ್ದ?"

ಆಕೆ ತಿರುಗಿ ನಿಂತಳು. "ಮೊದಲ ತುತ್ತು ಎಡಕ್ಕೆ ತೆಗೆದಿಡ್ತಿದ್ದ. ಚಿಕ್ಕಂದಿನಲ್ಲಿ ಸಾಕಿದ ನಾಯಿಗೆ. ನಾಯಿ ಸತ್ತ ಮೇಲೂ ಇಡ್ತಿದ್ದ."

ದಾನಕ್ಕ ಒಂದೊಂದೇ ಅಕ್ಷರ ಒತ್ತಿದಳು. ಹಳೇ ಕಣಜ ಹನ್ನೊಂದು ಸಾವಿರ ಜನರ ಹರಟೆಯನ್ನೆಲ್ಲ ಕೆದಕತೊಡಗಿತು. ಶಾಂತಮಲ್ಲನಿಗೆ ಚಟ, ಬಾಯಲ್ಲೇ ಎಣಿಸುತ್ತಾ ನಿಂತ. ಹತ್ತು. ಹದಿನೈದು. ಇಪ್ಪತ್ತು. ತಾನು ಯಾರ ಗೆಲುವಿಗಾಗಿ ಎಣಿಸುತ್ತಿದ್ದೇನೆ ಎಂಬುದು ನಡುವೆಯೇ ಮರೆತುಹೋಯಿತು. ಸಿಗಲಿ ದೇವರೇ, ಸಿಗಲಿ ಅಂದುಕೊಂಡ.

ಇಪ್ಪತ್ತೆರಡಕ್ಕೆ ದಾನಕ್ಕ ಕನ್ನಡಕ ತೆಗೆದಳು.

"ಸೋಮಯ್ಯ ಅಂತ ಕರೀತೀವಿ. ಆಚೆ ದಡದಲ್ಲಿ ಹೂವಿನ ಗಿಡಕ್ಕೆ ನೀರು ಹಾಕ್ತಿದ್ದಾನೆ. ದೋಣಿ ಹೊರಟಿದೆ, ಹೋಗು."

ಹೆಂಗಸು ಚೀಲವನ್ನು ಅಲ್ಲೇ ಬಿಟ್ಟು ಓಡಿದಳು.

ಶಾಂತಮಲ್ಲ ಆ ಚೀಲ ಎತ್ತಿಕೊಂಡು ಗುರುಗಳ ಮುಂದೆ ನಿಂತ.

"ನನ್ನದನ್ನು ಅಳಿಸ್ತೀನಿ, ಬುದ್ಧಿ. ಹೂದೋಟಕ್ಕೆ ನಾನೇ ಹೋಗ್ತೀನಿ."

"ಹೋಗು."

ಎರಡು ಮೆಟ್ಟಿಲು ಇಳಿದವನು ತಡೆಯಲಾರದೆ ತಿರುಗಿದ. "ಆದರೂ ಬುದ್ಧಿ, ಇಪ್ಪತ್ತೆರಡು ಸೆಕೆಂಡು ಬಹಳ ಹೊತ್ತಾಯಿತು ಅಲ್ಲವೇ?"

"ಹೇಗೂ ಚೀಲ ಕೊಡೋಕೆ ಹೋಗ್ತೀಯಲ್ಲ," ಅಂದರು ಗುರು. "ಇಷ್ಟು ಹೊತ್ತು ಯಾಕಾಯಿತು ಅಂತ ಆ ತಾಯಿ ಬೈತಾಳೇನೋ, ಕೇಳ್ಕೊಂಡು ಬಾ."