ತೆಪ್ಪ ಕಟ್ಟಿದ ಭಾನುವಾರ

ವೇದಾವತಿಯ ದಂಡೆಯಲ್ಲಿ ನಿಜಗುಣಯ್ಯನವರ ಆಶ್ರಮ. ಅವರ ಶಿಷ್ಯ ಕೊಟ್ರೇಶ ಅಲ್ಲಿ ಪ್ರತಿ ಭಾನುವಾರ ಊರಿನ ಮಕ್ಕಳ ಕೂಟ ನಡೆಸುತ್ತಿದ್ದ. ಈಜು, ಹಾಡು, ಸಸಿ ಬೆಳೆಸುವುದು, ಹಗ್ಗದ ಗಂಟು ಎಲ್ಲವನ್ನೂ ಅವನೇ ಕಲಿಸುತ್ತಿದ್ದ.

ಒಂದು ಶನಿವಾರ ಅವನು ಗುರುವಿನ ಮುಂದೆ ಬಂದು ಕುಸಿದು ಕೂತ.

"ಕೂಟ ಮುಚ್ಚಿಬಿಡುತ್ತೇನೆ, ಗುರುಗಳೇ. ನನ್ನ ಕೈಲಾಗುತ್ತಿಲ್ಲ."

"ಮಕ್ಕಳು ಬರುತ್ತಿಲ್ಲವೇ?"

"ಬರುತ್ತಾರೆ. ದೊಡ್ಡವರೇ ಯಾರೂ ಕೈಜೋಡಿಸುವುದಿಲ್ಲ. ಬೇಲಿಯಾಚೆ ನಿಂತು ನೋಡುತ್ತಾರೆ, ಅಷ್ಟೇ."

"ಮುಚ್ಚುವುದಾದರೆ ಮುಚ್ಚು. ನಾಳೆ ಒಂದು ದಿನ ನಡೆಸು. ಆದರೆ ಮಾತಾಡಬೇಡ, ಕೈಯನ್ನೂ ಹಾಕಬೇಡ."

"ನಾಳೆ ತೆಪ್ಪ ಕಟ್ಟುವುದಿದೆ! ನಾನು ಹೇಳಿಕೊಡದಿದ್ದರೆ ಅವರು ಹೇಗೆ ಕಟ್ಟುತ್ತಾರೆ?"

"ನನಗೂ ಅದೇ ಕುತೂಹಲ," ಎಂದರು ಗುರು.

ಮರುದಿನ ಕೊಟ್ರೇಶ ದಂಡೆಯ ಕಲ್ಲಿನ ಮೇಲೆ ತುಟಿ ಬಿಗಿದು ಕೂತ. ಗುರು ಪಕ್ಕದಲ್ಲೇ ಇದ್ದರು.

"ಅಣ್ಣಾ, ಯಾವ ಬಿದಿರು ಮೊದಲು?" ಎಂದು ಭುವನ ಎಂಬ ಹುಡುಗಿ ಕೇಳಿದಳು.

"ಅಣ್ಣನಿಗೆ ಇವತ್ತು ಮೌನ," ಎಂದರು ಗುರು.

ಮಕ್ಕಳು ನಕ್ಕರು. ಆಮೇಲೆ ಹಗ್ಗಕ್ಕಾಗಿ ಕಿತ್ತಾಡಿದರು. ಭುವನ ಸುತ್ತ ನೋಡಿ ಬೇಲಿಯತ್ತ ಓಡಿದಳು. ಅಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು.

"ಅಕ್ಕಾ, ನಿಮಗೆ ತೆಪ್ಪ ಕಟ್ಟೋಕೆ ಬರುತ್ತಾ?"

"ಅಯ್ಯೋ, ನನಗೆಲ್ಲಿ ಬರುತ್ತೆ!"

"ನಮಗೂ ಬರಲ್ಲ. ಬನ್ನಿ."

ಆಕೆ ಕೊಟ್ರೇಶನ ಮುಖ ನೋಡಿದಳು. ಅವನು ಸುಮ್ಮನಿದ್ದ. ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.

ಮೊದಲ ತೆಪ್ಪ ನೀರು ಮುಟ್ಟಿದ ಕೂಡಲೇ ಬಿಚ್ಚಿಹೋಯಿತು. ಕೊಟ್ರೇಶ ಎದ್ದೇ ಬಿಟ್ಟ. ಗುರು ಅವನ ಪಂಚೆಯ ಅಂಚು ಹಿಡಿದು ಕೂರಿಸಿದರು.

ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಮುದುಕನೊಬ್ಬ ಮೊಣಕಾಲುದ್ದ ನೀರಿಗಿಳಿದು, ತೇಲಿಹೋಗುತ್ತಿದ್ದ ಬಿದಿರುಗಳನ್ನು ಎಳೆದು ತಂದ. ಮತ್ತೆ ಕಟ್ಟಿದರು. ವಾದ ಮಾಡಿದರು. ಬಿಚ್ಚಿ ಇನ್ನೊಂದು ಸಲ ಕಟ್ಟಿದರು.

ಬಿಸಿಲು ಇಳಿಯುವ ಹೊತ್ತಿಗೆ ತೆಪ್ಪ ಒಂದು ಕಡೆ ವಾಲಿಕೊಂಡೇ ತೇಲಿತು. ಮಕ್ಕಳ ಕೂಗು ಆಚೆ ದಡಕ್ಕೂ ಕೇಳಿಸಿತು.

ಹೊರಡುವಾಗ ಆ ಹೆಂಗಸು ಕೊಟ್ರೇಶನ ಬಳಿ ಬಂದಳು. "ಮುಂದಿನ ವಾರ ಬೇಗ ಬರ್ತೀನಿ. ಬರಬಹುದಾ?"

ಅವನು ಕೈಮುಗಿದ.

ಎಲ್ಲರೂ ಹೋದ ಮೇಲೆ ಗುರು ಹೇಳಿದರು, "ಈಗ ಮಾತಾಡು."

"ಗಂಟುಗಳೆಲ್ಲ ತಪ್ಪು, ಗುರುಗಳೇ."

"ತೇಲಿತಲ್ಲ."

ಕೊಟ್ರೇಶ ಹೊಳೆಯನ್ನೇ ನೋಡುತ್ತ ಕೂತ. "ತೇಲಿತು. ಒಂದು ಮಾತ್ರ ತಿಳಿಯುತ್ತಿಲ್ಲ. ಎರಡು ವರ್ಷದಿಂದ ಆಕೆ ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ಒಂದು ದಿನವೂ ಒಳಗೆ ಬಂದವಳಲ್ಲ."

"ಯಾರು ಆಕೆ?"

"ಯಾವುದೋ ಮಗುವಿನ ತಾಯಿ."

"ಹೆಸರು?"

"ನಾನು ಕೇಳಿಯೇ ಇಲ್ಲ, ಗುರುಗಳೇ."

ಗುರು ಊರಿನ ದಾರಿಯತ್ತ ಕಣ್ಣು ಹಾಯಿಸಿದರು.

"ಇನ್ನೂ ಬಹಳ ದೂರ ಹೋಗಿರಲಿಕ್ಕಿಲ್ಲ. ಓಡು."