ಕಿಟಕಿಯಿಲ್ಲದ ಮನೆಗೆ ಹೊಳೆಯ ಸುದ್ದಿ

"ಕೇಳಿರಪ್ಪಾ ಕೇಳಿ. ಪದ್ಮಲೆ ಅಮ್ಮಣ್ಣಿಯವರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಬೇಡಿದ ವರ. ಒಂದು ತಪ್ಪಿದರೂ ಅವನನ್ನು ದೊಡ್ಡಕೆರೆಯ ಏರಿಯ ಕೆಳಗೆ ಕಂಬಕ್ಕೆ ಕಟ್ಟುವುದು. ಮಳೆಗಾಲ ಬಂದು ಹೊಳೆ ಉಕ್ಕಿದರೂ ಬಿಚ್ಚುವುದಿಲ್ಲ."

ಕರಿಕಲ್ಲು ಪಟ್ಟಣದಲ್ಲಿ ವೈಶಾಖ ಮಾಸದಲ್ಲಿ ಹೀಗೆ ಡಂಗುರ ಸಾರಿದರು. ಹೊಳೆಯ ನಡುಗಡ್ಡೆಯಲ್ಲಿ ಒಬ್ಬನೇ ಕೂತು ಬುಟ್ಟಿ ಹೆಣೆಯುತ್ತಿದ್ದ ಮೈಲಾರಿಗೆ ಅದು ಗಾಳಿಯಲ್ಲಿ ತೇಲಿ ಬಂತು. ಮನುಷ್ಯರ ದನಿ ಕೇಳಿ ಅವನಿಗೆ ಹನ್ನೊಂದು ದಿನವಾಗಿತ್ತು.

ಆ ಸೀಮೆಗೊಂದು ಕಟ್ಟಳೆ ಇತ್ತು. ಹೊಳೆಗಿಳಿಯುವ ಸೋಪಾನಗಳಲ್ಲಿ ನೀರು ಏಳನೆಯ ಮೆಟ್ಟಿಲು ಮುಟ್ಟಿದರೆ ಕೆರೆಯ ತೂಬು ತೆರೆಯಬೇಕು ಎಂದು ನೂರು ಊರಿನವರು ಕೂಡಿ ಒಪ್ಪಿ, ನೂರು ಕಲ್ಲುಗಳ ಮೇಲೆ ಕೊರೆಸಿ, ಊರಿಗೊಂದರಂತೆ ನೆಟ್ಟಿದ್ದರು. ಒಂದು ಊರಿನವರು ಅಕ್ಷರ ತಿದ್ದಿದರೆ ಉಳಿದ ತೊಂಬತ್ತೊಂಬತ್ತು ಕಲ್ಲುಗಳು ಅದನ್ನು ಸುಳ್ಳು ಮಾಡುತ್ತಿದ್ದವು. ಕಟ್ಟಳೆ ನಡೆಸುವವರು ಯಾರ ಮುಖ ನೋಡಿಯೂ ಕರಗಬಾರದೆಂದು ಅದನ್ನು ನಡೆಸುತ್ತಿದ್ದ ರಾಜನ ಮಗಳು ಪದ್ಮಲೆ ಗುಡ್ಡದ ಮೇಲೆ ಕಿಟಕಿಯಿಲ್ಲದ ಕಲ್ಲುಮನೆಯಲ್ಲಿ ಇರುತ್ತಿದ್ದಳು. ಹೊಳೆಯ ಸುದ್ದಿ ಅವಳಿಗೆ ತರುತ್ತಿದ್ದವನು ಒಬ್ಬನೇ. ಹೋದ ವರ್ಷ ಮೇಲಿನ ಗದ್ದೆಯವರು, ಕೆರೆಯಲ್ಲಿ ನೀರು ಉಳಿಯಲೆಂದು, ಅವನಿಗೆ ಲಂಚ ಕೊಟ್ಟರು. ನೀರು ಎಂಟನೆಯ ಮೆಟ್ಟಿಲಿನಲ್ಲಿದ್ದಾಗ ಅವನು ನಾಲ್ಕು ಎಂದ. ತೂಬು ತೆರೆಯಲಿಲ್ಲ. ಏರಿ ಒಡೆದು ಕೆಳಗಿದ್ದ ಬುಟ್ಟಿ ಹೆಣೆಯುವವರ ಕೇರಿ ಕೊಚ್ಚಿಹೋಯಿತು. ಬಿದಿರು ಕಡಿಯಲು ಕಾಡಿಗೆ ಹೋಗಿದ್ದ ಮೈಲಾರಿ ಉಳಿದ. ಅವನ ತಾಯಿ, ಅಕ್ಕ, ಅಕ್ಕನ ಕೂಸು ಉಳಿಯಲಿಲ್ಲ.

ಏರಿಯನ್ನು ಮತ್ತೆ ಕಟ್ಟಿದ್ದರು. ಸುದ್ದಿ ತರುವವರನ್ನು ಮಾತ್ರ ಪದ್ಮಲೆ ಆಮೇಲೆ ನಂಬಿರಲಿಲ್ಲ. ಮಳೆಗೆ ಇನ್ನು ಒಂದು ತಿಂಗಳಿತ್ತು.

ಮೈಲಾರಿ ತೆಪ್ಪ ಕಟ್ಟಿ ಹೊರಟ. ಏರಿಯ ಕೆಳಗೆ, ಅವನ ಮನೆಯಿದ್ದ ಬಯಲಿನಲ್ಲೇ, ಒಗಟಿನಲ್ಲಿ ಸೋತ ಸಾಮಂತನ ಮಗ ಇರುಗಪ್ಪನನ್ನು ಕಂಬಕ್ಕೆ ಬಿಗಿದಿದ್ದರು.

"ಹೊಳೆ ಕಡೆಯಿಂದ ಬಂದೆಯಾ?" ಎಂದು ಅವನು ಕೇಳಿದ. "ನೀರು ಎಷ್ಟನೇ ಮೆಟ್ಟಿಲಲ್ಲಿದೆ? ಸರಿಯಾಗಿ ನೋಡಿ ಹೇಳು, ಅಂದಾಜಿನ ಮಾತು ಬೇಡ."

"ಎರಡನೇದು, ಒಡೆಯಾ. ನಾನೇ ನೋಡಿ ಬಂದೆ."

"ಎರಡೋ, ಎರಡೂವರೆಯೋ?"

ಕಲ್ಲುಮನೆಯ ಜಗಲಿಯ ಮೇಲೆ ಮೈಲಾರಿ ಕೂತು ಕಾದ. ಅವನಿಗಿಂತ ಮುಂಚೆ ರತ್ನದ ವ್ಯಾಪಾರಿ ಪಾಯಣ್ಣ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕಾವಲಿನವರು ಅವನ ರಟ್ಟೆ ಹಿಡಿದು ಹೊರಗೆ ತಂದರು.

"ಮೊದಲನೆಯದು ಗೆದ್ದೆ ಕಣಯ್ಯ," ಎಂದ ಪಾಯಣ್ಣ. "ಎರಡನೆಯದರಲ್ಲಿ ಏನು ಕೇಳ್ತಾಳೆ ಅಂದರೆ..."

"ಬಾಯಿಗೆ ಬಟ್ಟೆ ತುರುಕಬೇಕಾಗುತ್ತೆ, ಸೆಟ್ಟರೇ," ಎಂದ ಕಾವಲಿನವನು.

ಒಳಗೆ ಒಂದೇ ದೀಪ. ಅದರ ಹಿಂದೆ ಕೂತಿದ್ದ ಹೆಂಗಸಿನ ಮುಖ, ಬಹಳ ದಿನ ಯಾರೊಂದಿಗೂ ಊಟ ಮಾಡದವರ ಮುಖದ ಹಾಗಿತ್ತು. ಮೈಲಾರಿಗೆ ಆ ಮುಖದ ಗುರುತು ಸಿಕ್ಕಿತು. ನಡುಗಡ್ಡೆಯ ನೀರಿನಲ್ಲಿ ಅವನು ದಿನಾ ನೋಡುತ್ತಿದ್ದುದು ಅಂಥದನ್ನೇ.

"ಅವನು ಕೇಳಿದ್ದನ್ನು ಮರೆಯುವುದಿಲ್ಲ, ಆಡಿದ ಮಾತು ತಪ್ಪುವುದಿಲ್ಲ, ನೂರು ಕಡೆ ಒಂದೇ ಹೊತ್ತಿಗೆ ಇರುತ್ತಾನೆ," ಎಂದಳು ಪದ್ಮಲೆ. "ಆದರೂ ತನ್ನ ಮೈಮೇಲೆ ಮಳೆ ಸುರಿಯುತ್ತಿದೆಯೋ ಬಿಸಿಲು ಹೊಡೆಯುತ್ತಿದೆಯೋ ಅವನಿಗೆ ತಿಳಿಯದು. ಯಾರವನು?"

"ಕಟ್ಟಳೆಯ ಕಲ್ಲು, ಅಮ್ಮಣ್ಣಿ. ನಮ್ಮ ಕೇರಿಯದು ಮುಳುಗುವಾಗಲೂ ಅದರ ಒಂದಕ್ಷರವೂ ಅಳಿಯಲಿಲ್ಲ. ಮುಳುಗುತ್ತಿದ್ದೇನೆ ಅಂತ ಅದಕ್ಕೆ ಗೊತ್ತಾಗಲೂ ಇಲ್ಲ."

ಪದ್ಮಲೆ ದೀಪದ ಕುಡಿ ಸರಿಮಾಡಿದಳು. "ಒಬ್ಬ ಬಂದು ಹೇಳಿದರೆ ನಾನು ನಂಬಲಾರೆ. ಏಳು ಜನ ಬಂದು ಒಂದೇ ಮಾತು ಹೇಳಿದರೂ ನಂಬಲಾರೆ. ಏಳು ಜನ ಒಂದಿಷ್ಟು ಹೆಚ್ಚುಕಡಿಮೆ ಹೇಳಿದರೆ ನಂಬುತ್ತೇನೆ. ಯಾರ ಮಾತನ್ನು?"

"ನಡುವಿನವನದನ್ನು."

"ಪಾಯಣ್ಣ ಎಲ್ಲರಿಗಿಂತ ಹೆಚ್ಚು ಹೇಳಿದವನದು ಎಂದ. ನಡುವಿನವನದು ಯಾಕೆ?"

"ನಮ್ಮಲ್ಲಿ ದೊಡ್ಡ ಕಣಜ ಹೆಣೆಯುವ ಮುಂಚೆ ಏಳು ಮನೆಯವರು ಅದನ್ನು ಕೂರಿಸುವ ಜಾಗವನ್ನು ತಂತಮ್ಮ ಗೇಣಿನಲ್ಲಿ ಅಳೆದು, ಅಷ್ಟುದ್ದದ ಕಡ್ಡಿ ಮುರಿದು, ಬೆನ್ನ ಹಿಂದೆ ಹಿಡಿದುಕೊಂಡು ಬರುತ್ತಿದ್ದರು. ಎಲ್ಲರೂ ಒಟ್ಟಿಗೇ ಕೆಳಗಿಡಬೇಕು. ಸಾಲಾಗಿ ಜೋಡಿಸಿ ನಡುವಿನ ಕಡ್ಡಿ ತಗೊಳ್ಳುತ್ತಿದ್ದೆವು. ಒಬ್ಬಿಬ್ಬರು ಬೇಕೆಂದೇ ಉದ್ದ ಮುರಿದರೂ ನಡುವಿನದು ಅಷ್ಟಾಗಿ ಕದಲುವುದಿಲ್ಲ. ಏಳೂ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಬಂದರೆ ನಮ್ಮಕ್ಕ ಬೈಯುತ್ತಿದ್ದಳು, 'ಒಬ್ಬರು ಅಳೆದಿದ್ದೀರಿ, ಮಿಕ್ಕವರು ನೋಡಿ ಮುರಿದಿದ್ದೀರಿ, ಸೋಮಾರಿಗಳಾ' ಅಂತ."

ಅಕ್ಕನ ಮಾತನ್ನು ಬಾಯಿಬಿಟ್ಟು ಹೇಳಿ ಅವನಿಗೆ ಒಂದು ವರ್ಷವಾಗಿತ್ತು. ಪದ್ಮಲೆ ಮುಂದಿನ ಒಗಟು ಹೇಳಿದಳು.

"ಕೊನೆಯದು. ನಿಜ ಹೇಳುವವನಿಂದ ನಾನು ಮೊದಲೇ ಒಂದು ಒತ್ತೆ ಇರಿಸಿಕೊಳ್ಳಬೇಕು. ಅದು ನನ್ನ ಬಳಿಯೂ ಇರಬಾರದು. ಸುಳ್ಳಾಡಿದರೆ ನಾನು ಕೈ ಎತ್ತದೆಯೇ ಅದು ಹೋಗಬೇಕು. ಏನದು?"

ಬಾಗಿಲ ಬಳಿ ಕಾವಲಿನವನು ಹಗ್ಗ ಬಿಚ್ಚತೊಡಗಿದ.

"ನಿಮಗೆ ಸುದ್ದಿ ತರುತ್ತಿದ್ದವನ ಮನೆ ಎಲ್ಲಿತ್ತು, ಅಮ್ಮಣ್ಣಿ?"

"ಗುಡ್ಡದ ಮೇಲೆ."

"ಅದಕ್ಕೇ ಅವನಿಗೆ ಎಂಟೂ ನಾಲ್ಕೂ ಒಂದೇ ಆಯಿತು. ಏರಿಯ ಕೆಳಗೆ ಕಟ್ಟಿದ ಇರುಗಪ್ಪನವರು ಬೆಳಿಗ್ಗೆ ನನ್ನ ಹೆಸರು ಕೇಳಲಿಲ್ಲ, ನೀರೆಷ್ಟು ಅಂತ ಕೇಳಿದರು. ಎರಡೋ, ಎರಡೂವರೆಯೋ ಅಂತ ಕೇಳಿದರು. ಒತ್ತೆ ಅವನ ಮನೆ, ಅಮ್ಮಣ್ಣಿ. ನೀರು ನೋಡುವವನ ಮನೆ ಏರಿಯ ಕೆಳಗಿರಲಿ."

ಕಾವಲಿನವನು ಹಗ್ಗವನ್ನು ಮತ್ತೆ ಸುತ್ತಿಟ್ಟ.

"ಮೂರೂ ಸರಿ. ವರ ಕೇಳು," ಎಂದಳು ಪದ್ಮಲೆ.

"ಕಂಬದಲ್ಲಿರುವವರನ್ನು ಬಿಚ್ಚಿಸಿ. ಹೊಳೆಯುದ್ದಕ್ಕೂ ಇರುವ ಏಳು ಸೋಪಾನಗಳಿಗೆ ಒಬ್ಬೊಬ್ಬರಂತೆ ನೀರು ನೋಡಲು ಏಳು ಜನರನ್ನು ಇಡಿ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಓಲೆ ಮುಚ್ಚಿ ಕಳಿಸಲಿ. ಏಳನೆಯವನು ನಾನಾಗುತ್ತೇನೆ. ನಮ್ಮ ಕೇರಿಯ ಜಾಗದಲ್ಲಿ ಏಳೂ ಜನರಿಗೆ ಒಂದೊಂದು ಮನೆ ಕೊಡಿ."

"ಹಾಗಾದರೆ ನಿನಗೆ ನಾನು ಬೇಡವೇ?"

"ಒಬ್ಬನೇ ಇದ್ದು ಸಾಕಾಗಿದೆ, ಅಮ್ಮಣ್ಣಿ. ಆದರೆ ನಾನು ಹೇಳುವವನು, ನೀವು ಕೇಳುವವರು. ಒಂದೇ ಮನೆಯಲ್ಲಿದ್ದರೆ ಮಿಕ್ಕ ಆರು ಜನರ ಮಾತಿಗೆ ಬೆಲೆ ಎಲ್ಲಿ?"

ಪದ್ಮಲೆ ಮೊದಲ ಸಲ ನಕ್ಕಳು. "ಮನೆಯಲ್ಲಿ ನೀರಿನ ಮಾತು ಎತ್ತದಿದ್ದರಾಯಿತು. ಅದೊಂದು ಬಿಟ್ಟರೆ ಆಡುವುದಕ್ಕೆ ಬೇರೆ ಮಾತೇ ಇಲ್ಲವೇನಪ್ಪ? ಮತ್ತೆ ಇನ್ನೊಂದು. ಕೇಳುವವಳ ಮನೆಯೂ ಗುಡ್ಡದ ಮೇಲಿರಬಾರದು."

ಕಲ್ಲುಮನೆಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಏರಿಯ ಕೆಳಗೆ ಕಟ್ಟಿದರು, ಪಕ್ಕದಲ್ಲೇ ಮೈಲಾರಿಯ ಬಿದಿರಿನ ಮನೆ. ಮದುವೆಯಾಯಿತು. ಆ ಮಳೆಗಾಲದಲ್ಲಿ ತೂಬು ಮೂರು ಸಲ ತೆರೆಯಿತು, ಮೂರು ಸಲವೂ ಹೊತ್ತಿಗೆ ಸರಿಯಾಗಿ. ಸಂಜೆ ಮೈಲಾರಿ ಸೋಪಾನದಿಂದ ಬಂದು ಅವಳ ಜೊತೆ ಊಟಕ್ಕೆ ಕೂರುತ್ತಿದ್ದ. ಅವಳು ಅವನ ಅಕ್ಕನ ವಿಷಯ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ನೀರಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಅವನ ಪಂಚೆ ಎಲ್ಲಿಯವರೆಗೆ ನೆನೆದಿದೆ ಎಂದು ಅವಳು ಒಂದು ದಿನವೂ ನೋಡಲಿಲ್ಲ.