ಬೆಳ್ಳಕ್ಕಿಯ ಉಸಿರು

"ಗುರುಗಳೇ, ಸೋಮಾರಿಯನ್ನು ಗುರುತಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ. ಮಠದ ತೋಟದಲ್ಲಿ ತನ್ನ ಜೊತೆ ದುಡಿಯುವ ಒಬ್ಬನನ್ನು ಸೋಮಾರಿಯೆಂದು ಕೆಲಸದಿಂದ ಕಳಿಸಿಬಿಡಬೇಕೆಂದು ಅವನು ಆಗಲೇ ಮನಸ್ಸು ಮಾಡಿದ್ದ.

ಗುರುಗಳು ಈ ಕತೆ ಹೇಳಿದರು.

ದಸ್ತಗೀರ ಎಂಬ ಒಬ್ಬ ಸವಾರನಿದ್ದ. ಅವನ ಹತ್ತಿರ ಬೆಳ್ಳಕ್ಕಿ ಎಂಬ ಬಿಳಿಯ ಹೆಣ್ಣು ಕುದುರೆ ಇತ್ತು. ಗುಡ್ಡ ಸುತ್ತಿ ಬರುವ ಓಟದಲ್ಲಿ ಅದನ್ನು ಹಿಂದೆ ಹಾಕುವ ಕುದುರೆ ಆ ಸೀಮೆಯಲ್ಲಿರಲಿಲ್ಲ. ಅಂಥದ್ದು ಒಂದು ವರ್ಷ ಸೋಲತೊಡಗಿತು. ಅರ್ಧ ದಾರಿ ಎಲ್ಲರಿಗಿಂತ ಮುಂದಿರುತ್ತಿತ್ತು. ಏರು ಬಂದ ಕೂಡಲೇ ಹಿಂದೆ ಬೀಳುತ್ತಿತ್ತು.

ದಸ್ತಗೀರ ಅದರ ಗೊರಸು ನೋಡಿಸಿದ, ಹಲ್ಲು ನೋಡಿಸಿದ. ಜ್ವರವಿರಲಿಲ್ಲ. ಮೇವು ಬಿಟ್ಟಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಕೆಮ್ಮುತ್ತಿತ್ತು, ಅಷ್ಟೆ. "ತಿಂದು ಕೊಬ್ಬಿದೆ, ಅದಕ್ಕೆ ಮೈಗಳ್ಳತನ" ಎಂದರು ಜನ. ಅವನು ನಂಬಲಿಲ್ಲ. ಆದರೆ ಮುಂದಿನ ಓಟದ ಏರಿನಲ್ಲಿ ಅದಕ್ಕೆ ಚಾಟಿಯಿಂದ ಹೊಡೆದ. ಅದು ನಾಲ್ಕು ಹೆಜ್ಜೆ ಓಡಿ, ನಿಂತೇಬಿಟ್ಟಿತು. ಅವತ್ತು ಅವನು ಇಳಿದು, ಲಗಾಮು ಹಿಡಿದು, ಜನರ ನಗುವಿನ ನಡುವೆ ಅದನ್ನು ನಡೆಸಿಕೊಂಡು ಮನೆಗೆ ಬಂದ.

ಇಟ್ಟಿಗೆ ಭಟ್ಟಿಯವನೊಬ್ಬ ಹುಡುಕಿಕೊಂಡು ಬಂದ. "ನನಗೆ ಕೊಡು. ಗಾಡಿಗೆ ಕಟ್ಟಿದರೆ ಎಂಥ ಸೋಮಾರಿಯೂ ಎಳೆಯುತ್ತದೆ" ಎಂದ. ದಸ್ತಗೀರ ಬೆಳ್ಳಕ್ಕಿಯ ಮುಖ ನೋಡಿದ. "ಒಂದು ಸಲ ಪಟ್ಟಣದ ಕುದುರೆ ಡಾಕ್ಟರಿಗೆ ತೋರಿಸಿ ಹೇಳುತ್ತೇನೆ" ಎಂದ.

ಆ ಡಾಕ್ಟರು ಒಬ್ಬ ಹೆಂಗಸು. ಎದೆಗೆ ಕೊಳವೆಯಿಟ್ಟು ಕೇಳಿದಳು; ಶಬ್ದ ಸರಿಯಾಗಿಯೇ ಇತ್ತು. ರಕ್ತ ನೋಡಿದಳು, ಅದೂ ಸರಿಯಾಗಿತ್ತು. ದಸ್ತಗೀರ ಕುದುರೆಯ ಕಡೆ ತಿರುಗಿದ. ಹಾಗಾದರೆ ಜನ ಹೇಳಿದ್ದೇ ನಿಜವೇ?

"ಹೊರಗಿನಿಂದ ನೋಡುವುದು ಮುಗಿಯಿತು. ಇನ್ನು ಶ್ವಾಸಕೋಶವನ್ನೇ ಕೇಳಬೇಕು" ಎಂದಳು ಡಾಕ್ಟರು. "ಮೂಗಿನಿಂದ ಉದ್ದದ ನಳಿಕೆ ಇಳಿಸಿ, ಉಪ್ಪುನೀರು ಬಿಟ್ಟು, ಅದನ್ನೇ ವಾಪಸ್ಸು ಎಳೆದುಕೊಳ್ಳುತ್ತೇನೆ. ಒಳಗೆ ಏನಿದೆಯೋ ಆ ನೀರಿನಲ್ಲಿ ಬರುತ್ತದೆ."

"ಶ್ವಾಸಕೋಶಕ್ಕೆ ನೀರೇ? ಪ್ರಾಣ ಹೋಗುವುದಿಲ್ಲವೇ, ಡಾಕ್ಟರಮ್ಮ?"

"ನೀರು ಹೋಗುವುದು ಒಂದು ಮೂಲೆಗೆ ಮಾತ್ರ. ಉಳಿದ ಸ್ವಲ್ಪವನ್ನು ಶ್ವಾಸಕೋಶವೇ ಹೀರಿಕೊಳ್ಳುತ್ತದೆ. ನೀವು ತಲೆ ಹಿಡಿದುಕೊಳ್ಳಿ."

ಮಂಪರಿನ ಸೂಜಿ ಚುಚ್ಚಿದರು. ಬೆಳ್ಳಕ್ಕಿ ತಲೆ ತಗ್ಗಿಸಿತು. ನಳಿಕೆ ಇಳಿಯುತ್ತಾ ಹೋದಂತೆ ದಸ್ತಗೀರ ತನ್ನ ಉಸಿರನ್ನೇ ಬಿಗಿಹಿಡಿದ. ಕುದುರೆ ಕೆಮ್ಮಿತು, ಮತ್ತೆ ಸುಮ್ಮನಾಯಿತು. ವಾಪಸ್ಸು ಬಂದ ನೀರಿನ ಮೇಲೆ ದಪ್ಪ ನೊರೆ ಇತ್ತು. "ಆಳದಿಂದಲೇ ಬಂದಿದೆ" ಎಂದು ಡಾಕ್ಟರು ಅದನ್ನು ಒಳಗೆ ಒಯ್ದಳು.

ಬಹಳ ಹೊತ್ತಿನ ಮೇಲೆ ಅವನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಗಾಜಿನ ಮೇಲೆ ನೇರಳೆ ಬಣ್ಣದ ಚುಕ್ಕೆಗಳು ಕಿಕ್ಕಿರಿದಿದ್ದವು. "ಬಾವು ಬಂದ ಕಡೆ ಸೇರುವ ರಕ್ತಕಣಗಳು ಇವು. ಆರೋಗ್ಯವಾಗಿದ್ದರೆ ಅಲ್ಲೊಂದು ಇಲ್ಲೊಂದು ಕಾಣಬೇಕು. ಇಲ್ಲಿ ಸಂತೆಯೇ ನೆರೆದಿದೆ. ಉಸಿರಿನ ಕೊಳವೆಗಳು ಊದಿಕೊಂಡಿವೆ. ನಿಂತಾಗ ಗೊತ್ತಾಗುವುದಿಲ್ಲ, ಏರಿನಲ್ಲಿ ಗಾಳಿ ಸಾಲುವುದಿಲ್ಲ. ಇದನ್ನು ಎಲ್ಲಿ ಕಟ್ಟುತ್ತೀರಿ?"

ಚಳಿಯಾಗದಿರಲೆಂದು ಅವನು ಲಾಯದ ಕಿಟಕಿಗಳನ್ನೆಲ್ಲ ಮುಚ್ಚಿದ್ದ. ಕೊರತೆಯಾಗದಿರಲೆಂದು ಒಣಹುಲ್ಲನ್ನು ಅಲ್ಲೇ ಸೂರಿನವರೆಗೆ ಒಟ್ಟಿದ್ದ. ಆ ಹುಲ್ಲಿನ ದೂಳನ್ನೇ ಬೆಳ್ಳಕ್ಕಿ ಹಗಲೂ ರಾತ್ರಿ ಉಸಿರಾಡುತ್ತಿತ್ತು. ದಸ್ತಗೀರನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಕುದುರೆಗೆ ರೋಗವಿದೆ ಎಂದು ಕೇಳಿ ಅಷ್ಟು ಸಂತೋಷಪಟ್ಟವನನ್ನು ಆ ಡಾಕ್ಟರು ಹಿಂದೆಂದೂ ನೋಡಿರಲಿಲ್ಲ.

ಅವನು ಭಟ್ಟಿಯವನಿಗೆ ಇಲ್ಲವೆಂದು ಹೇಳಿ ಕಳಿಸಿದ. ಬೆಳ್ಳಕ್ಕಿಯನ್ನು ಬಯಲಿನ ಮರದಡಿ ಕಟ್ಟಿದ. ಹುಲ್ಲನ್ನು ನೀರಿನಲ್ಲಿ ನೆನೆಸಿ ಹಾಕಿದ. ಔಷಧ ಕೊಟ್ಟ, ಓಡಿಸದೆ ಕಾದ. ಡಾಕ್ಟರು ಮತ್ತೊಮ್ಮೆ ನಳಿಕೆ ಇಳಿಸಿ ನೀರು ತೆಗೆದಾಗ ಸಂತೆ ಚದುರಿತ್ತು.

ಮುಂದಿನ ವರ್ಷದ ಓಟದಲ್ಲಿ ಏರಿನ ಬುಡದವರೆಗೆ ಮೂರು ಕುದುರೆಗಳು ಜೊತೆಯಾಗಿದ್ದವು. ದಸ್ತಗೀರನ ಕೈಯಲ್ಲಿ ಚಾಟಿ ಇರಲಿಲ್ಲ. ಅವನು ಲಗಾಮನ್ನು ಸಡಿಲ ಬಿಟ್ಟ. ಬೆಳ್ಳಕ್ಕಿ ಏರನ್ನು ಏರಲಿಲ್ಲ, ನುಂಗಿತು. ನಕ್ಕಿದ್ದ ಜನವೇ ದಾರಿಯ ಎರಡೂ ಬದಿಗೆ ಎದ್ದು ನಿಂತು ಅದರ ಹೆಸರು ಕೂಗಿದರು. ಉಳಿದ ಕುದುರೆಗಳು ತಿರುವಿನಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ಅದು ಗುರಿ ದಾಟಿ, ಇನ್ನೂ ಓಡಬೇಕೆಂದು ಲಗಾಮು ಜಗ್ಗುತ್ತಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಅಂತೂ ಬೆಳ್ಳಕ್ಕಿ ಕೊನೆಗೆ ಮನಸ್ಸಿಟ್ಟು ಓಡಿತಲ್ಲ, ಗುರುಗಳೇ!" ಎಂದ.

"ಸೋತ ಓಟಗಳಲ್ಲೂ ಅದು ಮನಸ್ಸಿಟ್ಟೇ ಓಡಿತ್ತು, ಗೆದ್ದ ದಿನ ಅದಕ್ಕೆ ಉಸಿರೂ ಇತ್ತು" ಎಂದರು ಗುರುಗಳು.